ಲಿನಕ್ಸ್ ಸರ್ವರ್‌ನಿಂದ ಜ್ಯಾಬಿಕ್ಸ್ ಪೂರ್ತಿ ತೆಗೆಯುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಹೋದ ಮೆಕ್ಕೆಜೋಳದ ಸೀಸನ್ನಿನಲ್ಲಿ ದಾವಣಗೆರೆ ಎಪಿಎಂಸಿ ಹತ್ತಿರದ ಒಂದು ದಲ್ಲಾಳಿ ಅಂಗಡಿಯಿಂದ ಬೆಳಿಗ್ಗೆ ಎಂಟಕ್ಕೇ ಫೋನ್ ಬಂತು. ಹೊರಗೆ ಜೋಳದ ಲಾರಿಗಳು ಸಾಲುಗಟ್ಟಿ ನಿಂತಿವೆ, ಒಳಗೆ ಬಿಲ್ ಸೇವ್ ಆಗುತ್ತಿಲ್ಲ. ಹೋಗಿ ನೋಡಿದರೆ ಸರ್ವರ್‌ನ ಡಿಸ್ಕ್ ಪೂರ್ತಿ ತುಂಬಿತ್ತು. ಅರ್ಧಕ್ಕಿಂತ ಜಾಸ್ತಿ ಜಾಗ ಹಿಡಿದು ಕೂತಿದ್ದದ್ದು ಜ್ಯಾಬಿಕ್ಸ್ ಅನ್ನುವ ನೆಟ್‌ವರ್ಕ್ ಮಾನಿಟರಿಂಗ್ ಸಾಫ್ಟ್‌ವೇರ್‌ನ ಡೇಟಾಬೇಸ್. ಆದರೆ ಆ ಸರ್ವರ್‌ನಲ್ಲಿ ಜ್ಯಾಬಿಕ್ಸ್ ಇರಲೇ ಇಲ್ಲ! ನನಗಿಂತ ಮುಂಚೆ ನೋಡಿಕೊಳ್ಳುತ್ತಿದ್ದವರು ಅದನ್ನು ವರ್ಷದ ಹಿಂದೆಯೇ 'ತೆಗೆದಿದ್ದರು'. ಪ್ಯಾಕೇಜ್ ಮಾತ್ರ ಹೋಗಿತ್ತು. ಡೇಟಾಬೇಸ್ ಇತ್ತು, ಅದರ ಯೂಸರ್ ಇದ್ದ, ಫೈರ್‌ವಾಲ್‌ನಲ್ಲಿ 10051 ಪೋರ್ಟ್ ತೆರೆದೇ ಇತ್ತು. ಎಲ್ಲಕ್ಕಿಂತ ಭಯ ಹುಟ್ಟಿಸಿದ್ದು ಏನು ಗೊತ್ತಾ? ಪಾಸ್‌ವರ್ಡ್ ಇಲ್ಲದೆ ರೂಟ್ ಕಮಾಂಡ್ ಓಡಿಸಲು ಜ್ಯಾಬಿಕ್ಸ್‌ಗೆ ಕೊಟ್ಟಿದ್ದ ಸುಡೊ ಅನುಮತಿ ಹಾಗೇ ಇತ್ತು.

ಗರಿಕೆ ಹುಲ್ಲನ್ನು ಮೇಲೆ ಕೊಯ್ದರೆ ಹೊಲ ಹಸನಾಗುವುದಿಲ್ಲ ಅಲ್ವಾ, ಇದೂ ಹಾಗೇ. ನೆಟ್‌ವರ್ಕ್ ಮಾನಿಟರಿಂಗ್ ಸಾಫ್ಟ್‌ವೇರ್ ಬೇರೆ ಸಾಫ್ಟ್‌ವೇರ್ ತರಹ ಒಂದೇ ಕಡೆ ಇರುವುದಿಲ್ಲ. ಎಲ್ಲವನ್ನೂ ನೋಡುವುದೇ ಅದರ ಕೆಲಸ. ಹಾಗಾಗಿ ಹಾಕುವಾಗ ನಾವೇ ಅದಕ್ಕೆ ಎಲ್ಲಾ ಬಾಗಿಲು ತೆರೆದು ಕೊಟ್ಟಿರುತ್ತೇವೆ. ತೆಗೆಯುವಾಗ ಆ ಬಾಗಿಲುಗಳನ್ನು ಒಂದೊಂದಾಗಿ ಮುಚ್ಚಬೇಕು.

ಎರಡು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಕಮಾಂಡುಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ, ಟರ್ಮಿನಲ್‌ನಲ್ಲಿ ಟೈಪ್ ಮಾಡುವಾಗ ಅವನ್ನೇ ಇಂಗ್ಲಿಷ್ ಸಣ್ಣ ಅಕ್ಷರಗಳಲ್ಲಿ ಹಾಕಿ. ಇನ್ನೊಂದು, ಆ ಸರ್ವರ್ ನಿಮ್ಮ ಜವಾಬ್ದಾರಿಯಲ್ಲಿ ಇದ್ದರೆ ಮಾತ್ರ ಕೈ ಹಾಕಿ. ಮಾನಿಟರಿಂಗ್ ಬೇರೆಯವರು ಹಾಕಿಸಿದ್ದರೆ ಅವರನ್ನು ಕೇಳದೆ ತೆಗೆಯಬೇಡಿ.

ಮೊದಲು ಏನೇನಿದೆ ಅಂತ ನೋಡಿ

ಯಾವುದನ್ನೂ ಅಳಿಸುವ ಮುಂಚೆ ಒಂದು ಹಾಳೆ, ಪೆನ್ನು ಇಟ್ಟುಕೊಳ್ಳಿ. ಉಬುಂಟು ಅಥವಾ ಡೆಬಿಯನ್ ಆಗಿದ್ದರೆ:

ಡಿಪಿಕೆಜಿ -ಎಲ್ | ಗ್ರೆಪ್ ಜ್ಯಾಬಿಕ್ಸ್

ರಾಕಿ ಲಿನಕ್ಸ್, ಆಲ್ಮಾ ಲಿನಕ್ಸ್ ಆಗಿದ್ದರೆ:

ಆರ್‌ಪಿಎಂ -ಕ್ಯುಎ | ಗ್ರೆಪ್ ಜ್ಯಾಬಿಕ್ಸ್

ಏನೂ ಬರಲಿಲ್ಲ ಅಂದರೆ ಇಲ್ಲ ಅಂತ ಅಂದುಕೊಳ್ಳಬೇಡಿ. ಡಾಕರ್‌ನಲ್ಲಿ ಓಡುತ್ತಿರಬಹುದು, 'ಡಾಕರ್ ಪಿಎಸ್ -ಎ' ಹಾಕಿ ನೋಡಿ. ಸೋರ್ಸ್‌ನಿಂದ ಕಂಪೈಲ್ ಮಾಡಿ ಹಾಕಿದ್ದರೆ ಯುಎಸ್ಆರ್ ಒಳಗಿನ ಲೋಕಲ್ ಫೋಲ್ಡರ್‌ನಲ್ಲಿ ಸಿಗುತ್ತದೆ. ಆಮೇಲೆ ಯಾವ ಪೋರ್ಟ್‌ಗಳು ತೆರೆದಿವೆ ಅಂತ ನೋಡಿ:

ಸುಡೊ ಎಸ್ಎಸ್ -ಟಿಯುಎಲ್‌ಪಿಎನ್

ಜ್ಯಾಬಿಕ್ಸ್ ಏಜೆಂಟ್ (ನೋಡಿಕೊಳ್ಳಬೇಕಾದ ಯಂತ್ರದಲ್ಲಿ ಕೂತು ಸರ್ವರ್‌ಗೆ ಮಾಹಿತಿ ಕೊಡುವ ಪ್ರೋಗ್ರಾಂ) 10050ರಲ್ಲಿ ಕೇಳುತ್ತದೆ, ಸರ್ವರ್ 10051ರಲ್ಲಿ. ಈ ಕಮಾಂಡಿನ ಉತ್ತರವನ್ನು ಒಂದು ಫೈಲಿಗೆ ಉಳಿಸಿಕೊಳ್ಳಿ, ಕೊನೆಯಲ್ಲಿ ಹೋಲಿಸಿ ನೋಡಲು ಬೇಕು.

ಇನ್ನು ತುಂಬಾ ಜನ ಮರೆಯುವ ಕೆಲಸ. ಈ ಸರ್ವರ್ ಬೇರೆ ಯಾವ ಯಾವ ಯಂತ್ರಗಳನ್ನು ನೋಡಿಕೊಳ್ಳುತ್ತಿತ್ತು ಅನ್ನುವ ಪಟ್ಟಿ ಇರುವುದು ಅದರ ಡೇಟಾಬೇಸ್‌ನಲ್ಲೇ. ಡೇಟಾಬೇಸ್ ಅಳಿಸಿದ ಮೇಲೆ ಆ ಪಟ್ಟಿಯೂ ಹೋಯಿತು, ಆಮೇಲೆ ಯಾವ ಬ್ರಾಂಚಿನ ಯಾವ ಕಂಪ್ಯೂಟರ್‌ನಲ್ಲಿ ಏಜೆಂಟ್ ಕೂತಿದೆ ಅಂತ ಹುಡುಕುತ್ತಾ ಅಲೆಯಬೇಕು. ಹಾಗಾಗಿ ಮೊದಲೇ ತೆಗೆದಿಟ್ಟುಕೊಳ್ಳಿ:

ಸೆಲೆಕ್ಟ್ ಐಪಿ, ಡಿಎನ್ಎಸ್, ಪೋರ್ಟ್ ಫ್ರಮ್ ಜ್ಯಾಬಿಕ್ಸ್.ಇಂಟರ್‌ಫೇಸ್;

ಬ್ಯಾಕಪ್

ಬೇಡ ಅಂತಲೇ ತೆಗೆಯುತ್ತಿದ್ದೇವೆ, ಬ್ಯಾಕಪ್ ಯಾಕೆ ಅನ್ನಿಸಬಹುದು. ಮುಂದೆ ಯಾರಾದರೂ 'ಹೋದ ವರ್ಷ ಲಿಂಕ್ ಎಷ್ಟು ಸಲ ಬಿದ್ದಿತ್ತು' ಅಂತ ಕೇಳಿದಾಗ ಬೇಕಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ತಪ್ಪಿ ಬೇರೆ ಏನಾದರೂ ಅಳಿಸಿದರೆ ವಾಪಸ್ ಬರಲು ದಾರಿ ಇರಬೇಕು.

ಇಟಿಸಿ ಒಳಗಿನ ಜ್ಯಾಬಿಕ್ಸ್ ಫೋಲ್ಡರನ್ನು ಟಾರ್ ಮಾಡಿ ಇಟ್ಟುಕೊಳ್ಳಿ. ಡೇಟಾಬೇಸ್‌ಗೆ:

ಮೈಎಸ್‌ಕ್ಯುಎಲ್‌ಡಂಪ್ --ಸಿಂಗಲ್-ಟ್ರಾನ್ಸಾಕ್ಷನ್ ಜ್ಯಾಬಿಕ್ಸ್ | ಜಿಜಿಪ್ > ಜ್ಯಾಬಿಕ್ಸ್.ಎಸ್‌ಕ್ಯುಎಲ್.ಜಿಜೆಡ್

ಡೇಟಾಬೇಸ್‌ನ ಬಹುಪಾಲು ಜಾಗ ತಿನ್ನುವುದು ಹಿಸ್ಟರಿ ಮತ್ತು ಟ್ರೆಂಡ್ಸ್ ಅನ್ನುವ ಹೆಸರಿನ ಟೇಬಲ್‌ಗಳು. ಹಳೇ ಅಂಕಿಅಂಶ ಬೇಡ, ಸೆಟ್ಟಿಂಗ್ಸ್ ಸಾಕು ಅನ್ನುವುದಾದರೆ ಅವನ್ನು '--ಇಗ್ನೋರ್-ಟೇಬಲ್' ಹಾಕಿ ಬಿಟ್ಟುಬಿಡಿ, ಡಂಪ್ ಪುಟ್ಟದಾಗುತ್ತದೆ. ಡಿಸ್ಕ್ ಆಗಲೇ ತುಂಬಿದ್ದರೆ ಅದೇ ಡಿಸ್ಕಿಗೆ ಡಂಪ್ ತೆಗೆಯಬೇಡಿ, ಬೇರೆ ಯಂತ್ರಕ್ಕೋ ಎಕ್ಸ್‌ಟರ್ನಲ್ ಡ್ರೈವಿಗೋ ಕಳಿಸಿ. ಫೈಲ್ ತೆರೆಯುತ್ತದಾ ಅಂತ ನೋಡದೆ ಮುಂದಿನ ಹೆಜ್ಜೆಗೆ ಹೋಗಬೇಡಿ.

ಸರ್ವಿಸ್ ನಿಲ್ಲಿಸುವುದು: ಮೊದಲು ಸರ್ವರ್, ಆಮೇಲೆ ಏಜೆಂಟ್

ಈ ಕ್ರಮ ತಪ್ಪಿಸಬೇಡಿ. ಏಜೆಂಟ್‌ಗಳನ್ನು ಮೊದಲು ನಿಲ್ಲಿಸಿದರೆ ಸರ್ವರ್ ಅವು ಸತ್ತೇ ಹೋದವು ಅಂತ ತಿಳಿದು ಎಲ್ಲರ ಮೊಬೈಲಿಗೂ ಎಚ್ಚರಿಕೆ ಕಳಿಸುತ್ತದೆ. ಮಾಲೀಕರು ಗಾಬರಿಯಾಗುತ್ತಾರೆ, ಸುಮ್ನೆ ತಲೆನೋವು.

ಸುಡೊ ಸಿಸ್ಟಮ್‌ಸಿಟಿಎಲ್ ಡಿಸೇಬಲ್ --ನೌ ಜ್ಯಾಬಿಕ್ಸ್-ಸರ್ವರ್

ಇದು ಮುಗಿಯಲು ಕೆಲವು ಸಲ ಹೊತ್ತಾಗುತ್ತದೆ. ಮೆಮೊರಿಯಲ್ಲಿ ಇಟ್ಟುಕೊಂಡಿದ್ದ ಅಂಕಿಗಳನ್ನು ಅದು ಡೇಟಾಬೇಸ್‌ಗೆ ಬರೆಯುತ್ತಿರುತ್ತದೆ. ತಾಳ್ಮೆ ಕೆಟ್ಟು 'ಕಿಲ್ -9' ಹೊಡೆಯಬೇಡಿ, ಒಂದು ಟೀ ಕುಡಿದು ಬನ್ನಿ. ಆಮೇಲೆ ಜ್ಯಾಬಿಕ್ಸ್-ಏಜೆಂಟ್, ಜ್ಯಾಬಿಕ್ಸ್-ಏಜೆಂಟ್2, ಇದ್ದರೆ ಪ್ರಾಕ್ಸಿ ಮತ್ತು ಜಾವಾ ಗೇಟ್‌ವೇ, ಎಲ್ಲವನ್ನೂ ಹೀಗೇ ನಿಲ್ಲಿಸಿ. 'ಪಿಎಸ್ -ಯು ಜ್ಯಾಬಿಕ್ಸ್' ಹಾಕಿದಾಗ ಯಾವ ಪ್ರಾಸೆಸ್ಸೂ ಕಾಣಬಾರದು.

ಪ್ಯಾಕೇಜ್ ತೆಗೆಯುವುದು

ಉಬುಂಟು, ಡೆಬಿಯನ್‌ನಲ್ಲಿ ಪ್ಯಾಕೇಜ್ ಹಾಕುವ, ತೆಗೆಯುವ ಸಾಧನ ಆಪ್ಟ್. ಅದರಲ್ಲಿ ರಿಮೂವ್ ಬೇರೆ, ಪರ್ಜ್ ಬೇರೆ. ರಿಮೂವ್ ಅಂದರೆ ಪ್ರೋಗ್ರಾಂ ಹೋಗುತ್ತದೆ, ಕಾನ್ಫಿಗ್ ಫೈಲ್‌ಗಳು ಉಳಿಯುತ್ತವೆ. ಆ ಫೈಲ್‌ಗಳಲ್ಲೇ ಡೇಟಾಬೇಸ್ ಪಾಸ್‌ವರ್ಡ್ ಇರುವುದು. ನಮಗೆ ಬೇಕಾದದ್ದು ಪರ್ಜ್. ಆದರೆ ಮೊದಲು '-ಎಸ್' ಹಾಕಿ ಸುಳ್ಳೇ ಓಡಿಸಿ ನೋಡಿ:

ಸುಡೊ ಆಪ್ಟ್-ಗೆಟ್ -ಎಸ್ ಪರ್ಜ್ ಜ್ಯಾಬಿಕ್ಸ್-ಸರ್ವರ್-ಮೈಎಸ್‌ಕ್ಯುಎಲ್ ಜ್ಯಾಬಿಕ್ಸ್-ಫ್ರಂಟ್‌ಎಂಡ್-ಪಿಎಚ್‌ಪಿ ಜ್ಯಾಬಿಕ್ಸ್-ಏಜೆಂಟ್

ಏನೇನು ಹೋಗುತ್ತದೆ ಅಂತ ಪಟ್ಟಿ ತೋರಿಸುತ್ತದೆ, ನಿಜವಾಗಿ ಏನೂ ಅಳಿಸುವುದಿಲ್ಲ. ಪಟ್ಟಿಯ ಒಂದೊಂದು ಹೆಸರನ್ನೂ ಓದಿ. ನಕ್ಷತ್ರ ಚಿಹ್ನೆ ಹಾಕಿ ಎಲ್ಲವನ್ನೂ ಒಟ್ಟಿಗೆ ತೆಗೆಯುವ ಆಸೆ ಬೇಡ, ಮೊದಲ ಹೆಜ್ಜೆಯಲ್ಲಿ ಬರೆದುಕೊಂಡ ಹೆಸರುಗಳನ್ನೇ ಪೂರ್ತಿ ಬರೆಯಿರಿ. ಸರಿ ಅನ್ನಿಸಿದರೆ '-ಎಸ್' ತೆಗೆದು ಓಡಿಸಿ.

ಹಿಂದೆ ಯಾರಾದರೂ ರಿಮೂವ್ ಮಾತ್ರ ಮಾಡಿದ್ದರೆ, ಡಿಪಿಕೆಜಿ ಪಟ್ಟಿಯಲ್ಲಿ ಆ ಸಾಲುಗಳು 'ಆರ್‌ಸಿ' ಅಂತ ಶುರುವಾಗುತ್ತವೆ. ಅವನ್ನೂ ಪರ್ಜ್ ಮಾಡಿ. ರಾಕಿ, ಆಲ್ಮಾದಲ್ಲಿ ಡಿಎನ್ಎಫ್ ರಿಮೂವ್ ಬಳಸಿ. ಅಲ್ಲಿ ನೀವು ಬದಲಾಯಿಸಿದ್ದ ಕಾನ್ಫಿಗ್ ಫೈಲ್‌ಗಳು 'ಆರ್‌ಪಿಎಂಸೇವ್' ಅನ್ನುವ ಬಾಲದೊಂದಿಗೆ ಉಳಿದುಕೊಳ್ಳುತ್ತವೆ. ಇಟಿಸಿ ಒಳಗೆ ಹುಡುಕಿ ಅಳಿಸಿ.

ಈಗ ಆಟೊರಿಮೂವ್ ವಿಷಯ, ಅಂದರೆ ಯಾರಿಗೂ ಬೇಡವಾದ ಪ್ಯಾಕೇಜ್‌ಗಳನ್ನು ತೆಗೆಯುವ ಆಪ್ಟ್ ಕಮಾಂಡ್. ದಲ್ಲಾಳಿ ಅಂಗಡಿಯಂಥ ಕಡೆ ಒಂದೇ ಸರ್ವರ್ ಇರುತ್ತದೆ. ಬಿಲ್ಲಿಂಗ್ ಅದರಲ್ಲೇ, ಜ್ಯಾಬಿಕ್ಸೂ ಅದರಲ್ಲೇ. ಬಿಲ್ಲಿಂಗ್ ಸಾಫ್ಟ್‌ವೇರನ್ನು ಯಾರೋ ಫೋಲ್ಡರ್ ಕಾಪಿ ಮಾಡಿ ಹಾಕಿರುತ್ತಾರೆ, ಅದಕ್ಕೆ ಪಿಎಚ್‌ಪಿ ಬೇಕು ಅನ್ನುವುದು ಆಪ್ಟ್‌ಗೆ ಗೊತ್ತೇ ಇರುವುದಿಲ್ಲ. ಜ್ಯಾಬಿಕ್ಸ್ ಜೊತೆಗೆ ಬಂದಿದ್ದ ಪಿಎಚ್‌ಪಿ ಮಾಡ್ಯೂಲ್‌ಗಳು ಇನ್ನು ಯಾರಿಗೂ ಬೇಡ ಅಂತ ಅದು ತೆಗೆದುಬಿಡುತ್ತದೆ, ಬಿಲ್ಲಿಂಗ್ ಅಲ್ಲೇ ನಿಲ್ಲುತ್ತದೆ. ಹಾಗಾಗಿ ಆಟೊರಿಮೂವ್ ಪಟ್ಟಿಯಲ್ಲಿ ಪಿಎಚ್‌ಪಿ, ಅಪಾಚೆ, ಮಾರಿಯಾಡಿಬಿ ಹೆಸರು ಕಂಡರೆ 'ಎನ್' ಒತ್ತಿ ಹೊರಗೆ ಬನ್ನಿ. ಬೇಕಾದವನ್ನು 'ಆಪ್ಟ್-ಮಾರ್ಕ್ ಮ್ಯಾನುಯಲ್' ಮಾಡಿ ಕಾಪಾಡಿಕೊಳ್ಳಿ.

ಪ್ಯಾಕೇಜ್‌ಗಳು ಬರುವ ಮೂಲವಾದ ರೆಪೊಸಿಟರಿಯನ್ನೂ ಬಿಡಬೇಡಿ. ಜ್ಯಾಬಿಕ್ಸ್-ರಿಲೀಸ್ ಅನ್ನುವ ಪ್ಯಾಕೇಜ್ ಪರ್ಜ್ ಮಾಡಿ 'ಆಪ್ಟ್ ಅಪ್‌ಡೇಟ್' ಓಡಿಸಿ. ರಾಕಿಯಲ್ಲಿ ಹಾಕುವಾಗ ಎಪೆಲ್ ರೆಪೊ ಫೈಲಿನಲ್ಲಿ 'ಎಕ್ಸ್‌ಕ್ಲೂಡ್‌ಪಿಕೆಜಿಎಸ್' ಅಂತ ಒಂದು ಸಾಲು ಸೇರಿಸಿರುತ್ತಾರೆ, ಅದನ್ನೂ ತೆಗೆಯಿರಿ.

ಡೇಟಾಬೇಸ್

ಪ್ಯಾಕೇಜ್ ಪರ್ಜ್ ಮಾಡಿದರೂ ಡೇಟಾಬೇಸ್ ತಾನಾಗಿ ಹೋಗುವುದಿಲ್ಲ. ಆ ಅಂಗಡಿಯಲ್ಲಿ ಆಗಿದ್ದೇ ಇದು. ಮಾರಿಯಾಡಿಬಿ ಅಥವಾ ಮೈಎಸ್‌ಕ್ಯುಎಲ್ ಒಳಗೆ ಹೋಗಿ:

ಶೋ ಡೇಟಾಬೇಸಸ್;
ಡ್ರಾಪ್ ಡೇಟಾಬೇಸ್ ಜ್ಯಾಬಿಕ್ಸ್;
ಸೆಲೆಕ್ಟ್ ಯೂಸರ್, ಹೋಸ್ಟ್ ಫ್ರಮ್ ಮೈಎಸ್‌ಕ್ಯುಎಲ್.ಯೂಸರ್;
ಡ್ರಾಪ್ ಯೂಸರ್ 'ಜ್ಯಾಬಿಕ್ಸ್'@'ಲೋಕಲ್‌ಹೋಸ್ಟ್';

ಮೂರನೇ ಸಾಲಿನ ಉತ್ತರವನ್ನು ಗಮನ ಇಟ್ಟು ನೋಡಿ. ಡೇಟಾಬೇಸನ್ನೇ ಮಾನಿಟರ್ ಮಾಡಲು 'ಜೆಡ್‌ಬಿಎಕ್ಸ್_ಮಾನಿಟರ್' ಅಂತ ಬೇರೊಬ್ಬ ಯೂಸರ್ ಇರಬಹುದು. ಅವನ ಹೋಸ್ಟ್ ಕಾಲಂನಲ್ಲಿ ಶೇಕಡಾ ಚಿಹ್ನೆ ಇದ್ದರೆ ಯಾವ ಯಂತ್ರದಿಂದ ಬೇಕಾದರೂ ಲಾಗಿನ್ ಆಗಬಹುದು ಅಂತ ಅರ್ಥ. ಅವನನ್ನೂ ಡ್ರಾಪ್ ಮಾಡಿ.

ಇನ್ನೊಂದು ಉಳಿಕೆ ಇದೆ. ಜ್ಯಾಬಿಕ್ಸ್ ಹಾಕುವಾಗ 'ಲಾಗ್_ಬಿನ್_ಟ್ರಸ್ಟ್_ಫಂಕ್ಷನ್_ಕ್ರಿಯೇಟರ್ಸ್' ಅನ್ನುವ ಸೆಟ್ಟಿಂಗ್ ಅನ್ನು 1 ಮಾಡಿ, ಸ್ಕೀಮಾ ಇಂಪೋರ್ಟ್ ಆದ ಮೇಲೆ 0 ಮಾಡಬೇಕು. ತುಂಬಾ ಕಡೆ 1ರಲ್ಲೇ ಬಿಟ್ಟಿರುತ್ತಾರೆ. ಬೇರೆ ಯಾವುದಕ್ಕೂ ಅದು ಬೇಕಿಲ್ಲ ಅಂತ ಖಾತ್ರಿ ಮಾಡಿಕೊಂಡು ವಾಪಸ್ 0 ಮಾಡಿ.

ಡ್ರಾಪ್ ಮಾಡಿದರೂ ಡಿಸ್ಕಿನಲ್ಲಿ ಜಾಗ ಬರಲಿಲ್ಲವಾ? ಎರಡು ಕಾರಣ ಇರಬಹುದು. 'ಇನ್ನೊಡಿಬಿ_ಫೈಲ್_ಪರ್_ಟೇಬಲ್' ಆಫ್ ಇದ್ದರೆ ಎಲ್ಲಾ ಡೇಟಾ 'ಐಬಿಡೇಟಾ1' ಅನ್ನುವ ಒಂದೇ ಫೈಲಿನಲ್ಲಿ ಇರುತ್ತದೆ, ಟೇಬಲ್ ಅಳಿಸಿದ ಮಾತ್ರಕ್ಕೆ ಆ ಫೈಲ್ ಸಣ್ಣದಾಗುವುದಿಲ್ಲ. ಆಗ ಉಳಿದ ಡೇಟಾಬೇಸ್‌ಗಳನ್ನು ಡಂಪ್ ಮಾಡಿ ಮತ್ತೆ ತುಂಬಬೇಕಾಗುತ್ತದೆ, ಅಂಗಡಿ ಬಾಗಿಲು ಹಾಕಿದ ದಿನ ಮಾಡುವ ಕೆಲಸ ಅದು. ಇನ್ನೊಂದು ಕಾರಣ ಬೈನರಿ ಲಾಗ್, ಅಂದರೆ ಡೇಟಾಬೇಸ್‌ನ ಬದಲಾವಣೆಗಳನ್ನು ಬರೆದಿಡುವ ಫೈಲ್‌ಗಳು. ರೆಪ್ಲಿಕಾ (ಡೇಟಾಬೇಸ್‌ನ ನಕಲು ಇಟ್ಟುಕೊಳ್ಳುವ ಇನ್ನೊಂದು ಸರ್ವರ್) ಯಾವುದೂ ಇಲ್ಲದಿದ್ದರೆ ಹಳೆಯವನ್ನು 'ಪರ್ಜ್ ಬೈನರಿ ಲಾಗ್ಸ್ ಬಿಫೋರ್' ಅಂತ ತಾರೀಖು ಕೊಟ್ಟು ತೆಗೆಯಬಹುದು. ಡೇಟಾ ಫೋಲ್ಡರ್‌ಗೆ ಹೋಗಿ ಕೈಯಿಂದ ಫೈಲ್ ಅಳಿಸುವುದು ಮಾತ್ರ ಬೇಡವೇ ಬೇಡ.

ಪೋಸ್ಟ್‌ಗ್ರೆಸ್ ಬಳಸಿದ್ದರೆ 'ಡ್ರಾಪ್‌ಡಿಬಿ', 'ಡ್ರಾಪ್‌ಯೂಸರ್' ಸಾಕು. ಜೊತೆಗೆ 'ಪಿಜಿ_ಎಚ್‌ಬಿಎ' ಫೈಲಿನಲ್ಲಿ ಜ್ಯಾಬಿಕ್ಸ್‌ಗೆ ಅಂತ ಬರೆದಿದ್ದ ಸಾಲು ತೆಗೆಯಿರಿ.

ವೆಬ್ ಸರ್ವರ್: ಕರೆಂಟ್ ಹೋದ ದಿನ ಗೊತ್ತಾಗುವ ತಪ್ಪು

ಉಬುಂಟುವಿನಲ್ಲಿ ಅಪಾಚೆಯ 'ಕಾನ್ಫ್-ಎನೇಬಲ್ಡ್' ಫೋಲ್ಡರ್‌ನಲ್ಲಿ ಕಾಣುವ ಜ್ಯಾಬಿಕ್ಸ್ ಫೈಲ್ ನಿಜವಾದ ಫೈಲ್ ಅಲ್ಲ, ಬರೀ ಲಿಂಕ್. ಅಸಲಿ ಫೈಲ್ ಇರುವುದು ಇಟಿಸಿ ಒಳಗಿನ ಜ್ಯಾಬಿಕ್ಸ್ ಫೋಲ್ಡರ್‌ನಲ್ಲಿ. ಸರಿಯಾಗಿ ಪರ್ಜ್ ಮಾಡಿದರೆ ಲಿಂಕೂ ಹೋಗುತ್ತದೆ. ಆದರೆ ಯಾರಾದರೂ ಅವಸರದಲ್ಲಿ ಆ ಫೋಲ್ಡರನ್ನು ಕೈಯಿಂದ ಅಳಿಸಿದರೆ ಲಿಂಕ್ ಮಾತ್ರ ಉಳಿಯುತ್ತದೆ. ಆಗಲೇ ಓಡುತ್ತಿರುವ ಅಪಾಚೆಗೆ ಏನೂ ಆಗುವುದಿಲ್ಲ, ಎಲ್ಲಾ ಸರಿ ಇದ್ದಂತೆ ಕಾಣುತ್ತದೆ. ಎರಡು ತಿಂಗಳು ಬಿಟ್ಟು ಒಂದು ದಿನ ಕರೆಂಟ್ ಹೋಗಿ, ಯುಪಿಎಸ್ ಬ್ಯಾಟರಿಯೂ ಖಾಲಿಯಾಗಿ, ಸರ್ವರ್ ಮತ್ತೆ ಶುರುವಾದಾಗ ಅಪಾಚೆ ಆ ಲಿಂಕ್ ತೆರೆಯಲು ಹೋಗಿ ಫೈಲ್ ಸಿಗದೆ ನಿಂತುಬಿಡುತ್ತದೆ. ಬಿಲ್ಲಿಂಗ್ ಬರುವುದಿಲ್ಲ. ಎರಡು ತಿಂಗಳ ಹಿಂದಿನ ಕೆಲಸಕ್ಕೂ ಇವತ್ತಿನ ತೊಂದರೆಗೂ ಸಂಬಂಧ ಇದೆ ಅಂತ ಯಾರಿಗೂ ಹೊಳೆಯುವುದಿಲ್ಲ.

ಸುಡೊ ಎ2ಡಿಸ್‌ಕಾನ್ಫ್ ಜ್ಯಾಬಿಕ್ಸ್
ಸುಡೊ ಅಪಾಚೆ2ಸಿಟಿಎಲ್ ಕಾನ್ಫಿಗ್‌ಟೆಸ್ಟ್

'ಸಿಂಟ್ಯಾಕ್ಸ್ ಓಕೆ' ಅಂತ ಬಂದರೆ ಮಾತ್ರ ರೀಲೋಡ್ ಮಾಡಿ. ಎಂಜಿನ್‌ಎಕ್ಸ್ ಆಗಿದ್ದರೆ 'ಕಾನ್ಫ್.ಡಿ' ಒಳಗೆ ನೋಡಿ, ಪಿಎಚ್‌ಪಿ-ಎಫ್‌ಪಿಎಂನ 'ಪೂಲ್.ಡಿ' ಒಳಗೂ ಜ್ಯಾಬಿಕ್ಸ್ ಹೆಸರಿನ ಫೈಲ್ ಇರುತ್ತದೆ.

ಮೂಲೆಗಳಲ್ಲಿ ಉಳಿದದ್ದು

ಯೂಸರ್ ಅಳಿಸುವ ಮುಂಚೆ ಅವನ ಫೈಲ್‌ಗಳನ್ನು ಹುಡುಕಿ:

ಸುಡೊ ಫೈಂಡ್ / -ಎಕ್ಸ್‌ಡೆವ್ -ಯೂಸರ್ ಜ್ಯಾಬಿಕ್ಸ್

ಮುಂಚೆ ಯಾಕೆ ಅಂದರೆ, ಲಿನಕ್ಸ್ ಫೈಲಿನ ಮಾಲೀಕನನ್ನು ಹೆಸರಿನಿಂದ ಗುರುತಿಡುವುದಿಲ್ಲ, ನಂಬರ್‌ನಿಂದ ಇಡುತ್ತದೆ. ಯೂಸರ್ ಹೋದ ಮೇಲೆ ಆ ನಂಬರ್ ಖಾಲಿ. ನಾಳೆ ಇನ್ನೊಂದು ಸಾಫ್ಟ್‌ವೇರ್ ಹಾಕಿದಾಗ ಅದರ ಯೂಸರ್‌ಗೆ ಅದೇ ನಂಬರ್ ಸಿಕ್ಕರೆ ಉಳಿದ ಫೈಲ್‌ಗಳೆಲ್ಲ ಅವನದಾಗುತ್ತವೆ. '-ಎಕ್ಸ್‌ಡೆವ್' ಹಾಕಿದ್ದರಿಂದ ಹುಡುಕಾಟ ಒಂದೇ ಪಾರ್ಟಿಷನ್ ಒಳಗೆ ನಡೆಯುತ್ತದೆ. ವಾರ್ ಅಥವಾ ಹೋಮ್ ಬೇರೆ ಪಾರ್ಟಿಷನ್ ಆಗಿದ್ದರೆ ಅಲ್ಲೂ ಇನ್ನೊಮ್ಮೆ ಓಡಿಸಿ. ಹೆಸರು ಹಿಡಿದೂ ಒಂದು ಸಲ ಹುಡುಕಿ, '-ಐನೇಮ್' ಜೊತೆ.

ಲಾಗ್ ಫೋಲ್ಡರ್, ವಾರ್-ಲಿಬ್ ಒಳಗಿನ ಫೋಲ್ಡರ್, ಅಲರ್ಟ್‌ಸ್ಕ್ರಿಪ್ಟ್ಸ್, ಎಕ್ಸ್‌ಟರ್ನಲ್‌ಸ್ಕ್ರಿಪ್ಟ್ಸ್, ಲಾಗ್‌ರೊಟೇಟ್ ಫೈಲ್, ಕ್ರಾನ್, ಇವೆಲ್ಲ ಸಾಮಾನ್ಯ. ಅಳಿಸಿ ಮುಂದೆ ಹೋಗಿ. ಕೂತು ನೋಡಬೇಕಾದ್ದು 'ಸುಡೊಯರ್ಸ್.ಡಿ' ಫೋಲ್ಡರ್:

ಸುಡೊ ಗ್ರೆಪ್ -ಆರ್ ಜ್ಯಾಬಿಕ್ಸ್ /ಇಟಿಸಿ/ಸುಡೊಯರ್ಸ್ /ಇಟಿಸಿ/ಸುಡೊಯರ್ಸ್.ಡಿ

'ನೋಪಾಸ್‌ಡಬ್ಲ್ಯುಡಿ' ಸಾಲು ಸಿಕ್ಕರೆ ವಿಸುಡೊ ಬಳಸಿ ತೆಗೆಯಿರಿ, ಬೇರೆ ಎಡಿಟರ್‌ನಲ್ಲಿ ತೆರೆಯಬೇಡಿ. ಆ ಫೈಲಿನಲ್ಲಿ ಒಂದು ಅಕ್ಷರ ತಪ್ಪಾದರೂ ಸುಡೊ ಕೆಲಸ ಮಾಡದೆ ಹೋಗಬಹುದು. ಆಮೇಲೆ ಯೂಸರ್ ಅಳಿಸಿ, ಸರ್ವಿಸ್‌ಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿಗೆ ಸುದ್ದಿ ಮುಟ್ಟಿಸಿ:

ಸುಡೊ ಯೂಸರ್‌ಡೆಲ್ ಜ್ಯಾಬಿಕ್ಸ್
ಸುಡೊ ಸಿಸ್ಟಮ್‌ಸಿಟಿಎಲ್ ಡೀಮನ್-ರೀಲೋಡ್
ಸುಡೊ ಸಿಸ್ಟಮ್‌ಸಿಟಿಎಲ್ ರೀಸೆಟ್-ಫೇಲ್ಡ್

ಫೈರ್‌ವಾಲ್ ಮತ್ತು ಪಾಸ್‌ವರ್ಡ್‌ಗಳು

ಯುಎಫ್‌ಡಬ್ಲ್ಯುನಲ್ಲಿ 'ಸ್ಟೇಟಸ್ ನಂಬರ್ಡ್' ಹಾಕಿ 10050, 10051ರ ನಿಯಮಗಳನ್ನು ಅಳಿಸಿ. ದೊಡ್ಡ ನಂಬರಿನಿಂದ ಶುರು ಮಾಡಿ, ಯಾಕೆಂದರೆ ಒಂದು ಅಳಿಸಿದ ತಕ್ಷಣ ಅದರ ಕೆಳಗಿನ ನಂಬರ್‌ಗಳೆಲ್ಲ ಬದಲಾಗುತ್ತವೆ, ಗಮನಿಸದಿದ್ದರೆ ಬಿಲ್ಲಿಂಗ್‌ನ ನಿಯಮವನ್ನೇ ಅಳಿಸಿಬಿಡುತ್ತೀರಿ. ಫೈರ್‌ವಾಲ್ಡ್ ಇದ್ದರೆ '--ಪರ್ಮನೆಂಟ್ --ರಿಮೂವ್-ಪೋರ್ಟ್=10051/ಟಿಸಿಪಿ' ಹಾಕಿ ರೀಲೋಡ್ ಮಾಡಿ. ಎಸ್‌ಇಲಿನಕ್ಸ್‌ನಲ್ಲಿ 'ಗೆಟ್‌ಎಸ್‌ಇಬೂಲ್ -ಎ' ಉತ್ತರದಲ್ಲಿ ಜ್ಯಾಬಿಕ್ಸ್ ಹೆಸರಿನವು ಆನ್ ಇದ್ದರೆ ಆಫ್ ಮಾಡಿ. ರೌಟರ್‌ನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿದ್ದರೆ ಅದೂ ಹೋಗಬೇಕು.

ಪಾಸ್‌ವರ್ಡ್ ವಿಷಯಕ್ಕೆ ಬರುತ್ತೇನೆ. ಇದನ್ನು ಅನ್‌ಇನ್‌ಸ್ಟಾಲ್ ಕೆಲಸ ಅಂತ ಯಾರೂ ಎಣಿಸುವುದಿಲ್ಲ, ನನ್ನ ಪ್ರಕಾರ ಇದೇ ಅರ್ಧ ಕೆಲಸ. ಎಚ್ಚರಿಕೆ ಕಳಿಸಲು ಜ್ಯಾಬಿಕ್ಸ್‌ಗೆ ಅಂಗಡಿಯ ಮೇಲ್ ಪಾಸ್‌ವರ್ಡ್ ಕೊಟ್ಟಿದ್ದೀರಿ. ಟೆಲಿಗ್ರಾಂ ಬಾಟ್‌ನ ಟೋಕನ್ ಕೊಟ್ಟಿದ್ದೀರಿ. ಸ್ವಿಚ್‌ಗಳನ್ನು ಓದಲು ಎಸ್‌ಎನ್‌ಎಂಪಿ ಕಮ್ಯೂನಿಟಿ ಸ್ಟ್ರಿಂಗ್ ಕೊಟ್ಟಿದ್ದೀರಿ. ಬೇರೆ ಯಂತ್ರಗಳಿಗೆ ಹೋಗಲು ಎಸ್‌ಎಸ್‌ಎಚ್ ಕೀ ಇರಬಹುದು. ಇವೆಲ್ಲ ಆ ಡೇಟಾಬೇಸ್‌ನಲ್ಲಿ, ಕಾನ್ಫಿಗ್ ಫೈಲ್‌ಗಳಲ್ಲಿ, ಈಗ ನೀವು ತೆಗೆದಿಟ್ಟ ಬ್ಯಾಕಪ್‌ನಲ್ಲೂ ಇವೆ. ಮೇಲ್ ಪಾಸ್‌ವರ್ಡ್ ಬದಲಾಯಿಸಿ, ಬಾಟ್ ಟೋಕನ್ ರದ್ದು ಮಾಡಿ, ಸ್ವಿಚ್‌ಗಳಲ್ಲಿ ಕಮ್ಯೂನಿಟಿ ಸ್ಟ್ರಿಂಗ್ ಬದಲಿಸಿ ಅಥವಾ ಎಸ್‌ಎನ್‌ಎಂಪಿಯನ್ನೇ ಆಫ್ ಮಾಡಿ, ಬೇರೆ ಯಂತ್ರಗಳ 'ಆಥರೈಸ್ಡ್_ಕೀಸ್' ಫೈಲಿನಿಂದ ಆ ಕೀ ತೆಗೆಯಿರಿ. ಬ್ಯಾಕಪ್ ಫೈಲನ್ನು ಎಲ್ಲರೂ ತೆರೆಯುವ ಶೇರ್ಡ್ ಫೋಲ್ಡರ್‌ನಲ್ಲಿ ಇಡಬೇಡಿ.

ಬೇರೆ ಮಾನಿಟರಿಂಗ್ ಸಾಫ್ಟ್‌ವೇರ್ ಆಗಿದ್ದರೆ

ನ್ಯಾಗಿಯೋಸ್ ಅನ್ನು ಸೋರ್ಸ್‌ನಿಂದ ಹಾಕಿದ್ದರೆ ಯುಎಸ್ಆರ್-ಲೋಕಲ್ ಒಳಗಿನ ನ್ಯಾಗಿಯೋಸ್ ಫೋಲ್ಡರ್‌ನಲ್ಲಿ ಬಹುತೇಕ ಎಲ್ಲಾ ಇರುತ್ತದೆ. ಹೊರಗೆ ಉಳಿಯುವುದು ಸಿಸ್ಟಮ್‌ಡಿ ಯೂನಿಟ್ ಫೈಲ್, ಅಪಾಚೆಯ ಕಾನ್ಫಿಗ್, ನ್ಯಾಗಿಯೋಸ್ ಯೂಸರ್, ನ್ಯಾಗ್‌ಸಿಎಂಡಿ ಗ್ರೂಪ್, ಮತ್ತು ಅದರ ಏಜೆಂಟ್ ಆದ ಎನ್‌ಆರ್‌ಪಿಇಗೆ ತೆರೆದ 5666 ಪೋರ್ಟ್. ನೆಟ್‌ಡೇಟಾ 19999ರಲ್ಲಿ ಇರುತ್ತದೆ, ಅದರದ್ದೇ ಅನ್‌ಇನ್‌ಸ್ಟಾಲರ್ ಸ್ಕ್ರಿಪ್ಟ್ ಇದೆ, ಅದನ್ನೇ ಬಳಸಿ. ಡಾಕರ್‌ನಲ್ಲಿ ಹಾಕಿದ್ದರೆ 'ಡಾಕರ್ ಕಂಪೋಸ್ ಡೌನ್ -ವಿ' ವಾಲ್ಯೂಮ್‌ಗಳನ್ನೂ ಅಳಿಸುತ್ತದೆ, ಬ್ಯಾಕಪ್ ಆದ ಮೇಲಷ್ಟೇ ಓಡಿಸಿ.

ರೀಬೂಟ್, ಆಮೇಲೆ ಕಾಯುವುದು

ವಹಿವಾಟು ಇಲ್ಲದ ದಿನ ಸರ್ವರನ್ನು ಒಂದು ಸಲ ರೀಬೂಟ್ ಮಾಡಿ. ಮಾಡಲೇಬೇಕು. 'ಸಿಸ್ಟಮ್‌ಸಿಟಿಎಲ್ --ಫೇಲ್ಡ್' ಖಾಲಿ ಇರಬೇಕು. 'ಎಸ್ಎಸ್' ಮತ್ತೆ ಓಡಿಸಿ ಮೊದಲ ದಿನ ಉಳಿಸಿದ್ದ ಫೈಲಿನ ಜೊತೆ ಹೋಲಿಸಿ. ಬಿಲ್ಲಿಂಗ್‌ನಲ್ಲಿ ಒಂದು ಬಿಲ್ ನಿಜವಾಗಿಯೂ ಸೇವ್ ಮಾಡಿ ನೋಡಿ.

ಪಟ್ಟಿಯಲ್ಲಿದ್ದ ಬೇರೆ ಯಂತ್ರಗಳಿಂದ ಏಜೆಂಟ್ ತೆಗೆಯುವುದೂ ಹೀಗೇ: ನಿಲ್ಲಿಸಿ, ಪರ್ಜ್ ಮಾಡಿ, 10050 ಮುಚ್ಚಿ. ವಿಂಡೋಸ್ ಯಂತ್ರಗಳಲ್ಲಿ ಏಜೆಂಟ್ ಒಂದು ಸರ್ವಿಸ್ ಆಗಿ ಕೂತಿರುತ್ತದೆ, ಫೈರ್‌ವಾಲ್ ನಿಯಮವನ್ನು ಬೇರೆಯಾಗಿ ಅಳಿಸಬೇಕು. ಇಷ್ಟಾದ ಮೇಲೆ ಸರ್ವರ್‌ನಲ್ಲಿ ಇದನ್ನು ಒಂದೆರಡು ಗಂಟೆ ಓಡಲು ಬಿಡಿ:

ಸುಡೊ ಟಿಸಿಪಿಡಂಪ್ -ಎನ್‌ಐ ಎನಿ ಟಿಸಿಪಿ ಪೋರ್ಟ್ 10051

ಆಕ್ಟಿವ್ ಏಜೆಂಟ್‌ಗಳು ಸರ್ವರ್ ಕರೆಯಲಿ ಅಂತ ಕಾಯುವುದಿಲ್ಲ, ತಾವೇ ಬಂದು ಬಾಗಿಲು ತಟ್ಟುತ್ತವೆ. ಫೈರ್‌ವಾಲ್ ಮುಚ್ಚಿದ್ದರೂ ಆ ತಟ್ಟುವಿಕೆ ಟಿಸಿಪಿಡಂಪ್‌ಗೆ ಕಾಣುತ್ತದೆ. ನನಗೆ ಕೆಲವೇ ನಿಮಿಷದಲ್ಲಿ ಪಟ್ಟಿಯಲ್ಲಿ ಇಲ್ಲದ ಒಂದು ವಿಳಾಸ ಕಂಡಿತು. ಹುಡುಕಿದರೆ ಹೆದ್ದಾರಿಯಲ್ಲಿ ಅರವತ್ತು ಕಿಲೋಮೀಟರ್ ಆಚೆ, ಚಿತ್ರದುರ್ಗದ ಬ್ರಾಂಚಿನ ಒಂದು ಹಳೇ ಯಂತ್ರ. ಅದು ಆಕ್ಟಿವ್ ಏಜೆಂಟ್ ಮಾತ್ರ ಆಗಿದ್ದರಿಂದ ಜ್ಯಾಬಿಕ್ಸ್‌ನಲ್ಲಿ ಅದಕ್ಕೆ ಇಂಟರ್‌ಫೇಸೇ ಇರಲಿಲ್ಲ, ಹಾಗಾಗಿ ಪಟ್ಟಿಯಲ್ಲೂ ಬಂದಿರಲಿಲ್ಲ. ವರ್ಷದಿಂದ ಇಲ್ಲದ ಸರ್ವರ್‌ನ ಬಾಗಿಲು ತಟ್ಟುತ್ತಲೇ ಇತ್ತು. ವಿಪಿಎನ್‌ನಲ್ಲಿ ಒಳಗೆ ಹೋಗಿ ಏಜೆಂಟ್ ಪರ್ಜ್ ಮಾಡಿದೆ. ಮತ್ತೆ ಎರಡು ಗಂಟೆ ನೋಡಿದೆ, ಟಿಸಿಪಿಡಂಪ್‌ನಲ್ಲಿ ಒಂದು ಸಾಲೂ ಬರಲಿಲ್ಲ.